ಕಿತ್ತು ನೋಡಿದ ಟೈಲ್ಸ್

ಆ ಮೇಸ್ತ್ರಿಗೆ ಜೊತೆಯ ಕೆಲಸಗಾರರು ಇಟ್ಟ ಅಡ್ಡಹೆಸರು ಕಿತ್ತುನೋಡಪ್ಪ. ಗೋಡೆಗೆ ಟೈಲ್ಸ್ ಕೂರಿಸುವುದು ಅವನ ಕಸುಬು. ಒಂದು ಸಾಲು ಮುಗಿದು ಎಲ್ಲರೂ ಬೆವರು ಒರೆಸಿಕೊಳ್ಳುವ ಹೊತ್ತಿಗೆ ಈತ ಕರಣೆಯ ತುದಿಯಿಂದ ಅದೇ ಸಾಲಿನ ಒಂದು ಟೈಲ್ಸನ್ನು ಮೀಟಿ ಕಿತ್ತು, ತಿರುಗಿಸಿ, ಹಿಂಬದಿ ನೋಡುತ್ತಿದ್ದ. ಸಿಮೆಂಟು ಪೂರ್ತಿ ಹಿಡಿದಿದ್ದರೆ ಸರಿ, ಇಲ್ಲವಾದರೆ ಇಡೀ ಸಾಲು ಕೆಳಕ್ಕೆ. ಹೊಳೆಯುವ ಮುಖ ನೋಡಿ ಮೋಸ ಹೋಗಬಾರದು ಎಂದು ಗೊಣಗುತ್ತಿದ್ದ. ಉಳಿದವರು ಮರೆಯಲ್ಲಿ ನಗುತ್ತಿದ್ದರು. ನಗಲಿ ಬಿಡಿ, ಅವನು ಕೂರಿಸಿದ ಗೋಡೆಯಿಂದ ಒಂದು ಟೈಲ್ಸೂ ಉದುರಿದ್ದಿಲ್ಲ.

ಇಷ್ಟು ಜಾಗ್ರತೆಯ ಮನುಷ್ಯ ತನ್ನ ವಿಷಯಕ್ಕೆ ಬಂದಾಗ ಮಾತ್ರ ಮುಖ ನೋಡಿಯೇ ತೃಪ್ತನಾಗಿಬಿಟ್ಟ. ಮದುವೆಯಾಗಿ ಕೆಲವು ವರ್ಷ ಕಳೆದರೂ ಮಕ್ಕಳಾಗದಿದ್ದಾಗ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡರು. ಅವಳಲ್ಲಿ ಯಾವ ದೋಷವೂ ಕಾಣಲಿಲ್ಲ. ಅವನ ವೀರ್ಯಾಣುಗಳು ಬೇಕಾದಷ್ಟಿದ್ದವು, ಚುರುಕಾಗಿ ಓಡಾಡುತ್ತಲೂ ಇದ್ದವು. ಇಬ್ಬರದೂ ಸರಿಯಾಗಿಯೇ ಕಾಣುತ್ತಿದೆ, ಕಾರಣ ಏನೆಂದು ತಿಳಿಯುತ್ತಿಲ್ಲ ಎಂದರು ಡಾಕ್ಟರು. ಅವನು ಅದರಲ್ಲಿ ತನಗೆ ಬೇಕಾದಷ್ಟನ್ನು ಕಟ್ಟಿಕೊಂಡು ನೆಟ್ಟಗೆ ತಾಯಿಯ ಮನೆಗೆ ಹೋದ. “ನಂದೇನೂ ತೊಂದರೆ ಇಲ್ವಂತೆ ಅಮ್ಮ” ಎಂದು ಎದೆಯುಬ್ಬಿಸಿ ಹೇಳಿದ.

ಹೇಳಿದ್ದು ಸುಳ್ಳಲ್ಲ. ಆದರೆ ಮಗನದಲ್ಲ ಎಂದಮೇಲೆ ತೊಂದರೆ ಇನ್ಯಾರದು? ತಾಯಿ ಲೆಕ್ಕ ಹಾಕಿಕೊಂಡಳು, ಅಕ್ಕಪಕ್ಕದವರಿಗೂ ಹೇಳಿದಳು. ಅವನು ಕೇಳಿಸಿಕೊಂಡೂ ಸುಮ್ಮನಿದ್ದ. ಸುಮ್ಮನಿರುವುದು ಅವನಿಗೆ ಹಾಯಾಗಿತ್ತು, ಅದನ್ನು ಮುಚ್ಚಿಡುವುದೇಕೆ.

ತಾಯಿ ಕೆಟ್ಟವಳಲ್ಲ. ಸೊಸೆಗೆ ಜ್ವರ ಬಂದರೆ ಗಂಜಿ ಮಾಡಿಕೊಡುತ್ತಿದ್ದಳು. ಆದರೆ ಮೇಸ್ತ್ರಿಯ ಅಕ್ಕ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಾಗ, ಅಲ್ಲಿಗೆ ಬಂದಿದ್ದ ಸೊಸೆ ಕೂಸನ್ನು ಎತ್ತಿಕೊಂಡರೆ ಸಾಕು, ನಿನಗೆ ಅಭ್ಯಾಸವಿಲ್ಲ, ಇಲ್ಲಿ ಕೊಡು ಎಂದು ನಯವಾಗಿಯೇ ತೆಗೆದುಕೊಂಡುಬಿಡುತ್ತಿದ್ದಳು. ಸೊಸೆಯೂ ಉಪಾಯ ಕಲಿತಳು. ಬಾಗಿಲಲ್ಲಿ ಗಂಡನ ಅಕ್ಕನ ದನಿ ಕೇಳಿದೊಡನೆ ಹೋಗಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದಳು. ಕೈ ಒದ್ದೆಯಿದ್ದರೆ ಯಾರೂ ಮಗುವನ್ನು ಕೊಡಬೇಕಾಗಿಲ್ಲ, ಕಿತ್ತುಕೊಳ್ಳಬೇಕಾಗಿಯೂ ಇಲ್ಲ. ಅದನ್ನು ಎಷ್ಟೋ ಸಲ ನೋಡಿದ್ದ ಗಂಡ, ತನ್ನ ಹೆಂಡತಿ ಕೆಲಸದಲ್ಲಿ ಗಟ್ಟಿಗಿತ್ತಿ ಎಂದುಕೊಂಡಿದ್ದ.

ಮಾತ್ರೆ ನುಂಗಿದವಳು ಅವಳು, ಸೂಜಿ ಚುಚ್ಚಿಸಿಕೊಂಡವಳು ಅವಳು. ಕೊನೆಗೆ ಬೇರೊಂದು ಆಸ್ಪತ್ರೆಯಲ್ಲಿ ಅವಳ ಅಂಡಾಣುಗಳನ್ನೂ ಅವನ ವೀರ್ಯಾಣುಗಳನ್ನೂ ಗಾಜಿನ ತಟ್ಟೆಯಲ್ಲಿ ಒಟ್ಟಿಗೆ ಬಿಟ್ಟರು. ಮಾರನೆಯ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಸಾವಧಾನವಾಗಿ ಹೇಳಿದರು. ಅಂಡಾಣುಗಳು ಚೆನ್ನಾಗಿವೆ. ವೀರ್ಯಾಣುಗಳು ಅವುಗಳ ಹತ್ತಿರ ಹೋಗಿವೆ, ಸುತ್ತ ಓಡಾಡಿವೆ, ಒಂದಾದರೂ ಹಿಡಿದು ನಿಂತಿಲ್ಲ. ವೀರ್ಯಾಣುವಿನ ತಲೆಯ ಮೇಲೆ ಕೆಲವು ಪ್ರೋಟೀನುಗಳಿರುತ್ತವೆ, ಅಂಡಾಣುವಿನ ಮೇಲೆ ಅವಕ್ಕೆ ಹೊಂದುವಂಥವು ಇರುತ್ತವೆ, ಎರಡೂ ಒಂದನ್ನೊಂದು ಹಿಡಿದುಕೊಳ್ಳಬೇಕು. ಇವರ ವೀರ್ಯಾಣುಗಳಲ್ಲಿ ಆ ಹಿಡಿತವೇ ಇಲ್ಲದಂತೆ ಕಾಣುತ್ತದೆ. ಎಣಿಸಿ, ಓಟ ನೋಡಿ ಮಾಡುವ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಮುಂದಿನ ಸಲ ಒಂದು ವೀರ್ಯಾಣುವನ್ನು ಸೂಜಿಯಿಂದ ನೇರವಾಗಿ ಒಳಗೇ ಸೇರಿಸಿ ನೋಡಬಹುದು, ಆದರೆ ಭರವಸೆ ಕೊಡಲಾರೆ ಎಂದರು.

ಮೇಸ್ತ್ರಿಗೆ ಎರಡನೇ ಸಲ ಬಿಡಿಸಿ ಹೇಳಬೇಕಾಗಲಿಲ್ಲ. ಹಿಂಬದಿ ಬೋಳಾದ ಟೈಲ್ಸು ಕಣ್ಣ ಮುಂದೆ ಬಂತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಾ ಅಂದಳು: “ಅಮ್ಮಂಗೆ ಹೇಳೋದೇನೂ ಬೇಡ ಬಿಡಿ. ನಂಗೆ ಅಭ್ಯಾಸ ಆಗಿದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ. ಆದರೂ ತಾಯಿಗೆ ಹೇಳಲು ಬಾಯಿ ಬರಲಿಲ್ಲ. ಇವತ್ತು ನಾಳೆ ಎಂದು ದಿನ ತಳ್ಳಿದ.

ಒಂದು ಭಾನುವಾರ ಹೆಂಡತಿಯೊಂದಿಗೆ ಹೋಗಿ ತಾಯಿಯ ಮನೆಯ ಬಚ್ಚಲಿಗೆ ಟೈಲ್ಸ್ ಹಾಕುತ್ತಿದ್ದ. ಅಕ್ಕ ಕೂಸಿನೊಂದಿಗೆ ಬಂದಿದ್ದಳು. ಅಡುಗೆಮನೆಯಲ್ಲಿ ನಲ್ಲಿ ಸುರಿಯುವ ಸದ್ದು ಶುರುವಾಯಿತು. ಈ ಸಲ ಆ ಸದ್ದಿನ ಅರ್ಥ ಅವನಿಗೆ ಆಯಿತು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಚ್ಚಲ ಬಾಗಿಲಿಗೆ ಬಂದ ತಾಯಿ, ಇಷ್ಟು ಖರ್ಚು ಮಾಡಿಯೂ ಅವಳಿಗೆ ಏನೂ ಆಗಲಿಲ್ಲವಲ್ಲ, ನಿನ್ನ ಹಣೆಬರಹ ಎಂದು ನಿಟ್ಟುಸಿರು ಬಿಟ್ಟಳು.

ಅವನು ಅಭ್ಯಾಸಬಲದಿಂದ ಒಂದು ಟೈಲ್ಸನ್ನು ಮೀಟಿದ. ಅದು ಸಲೀಸಾಗಿ ಕೈಗೆ ಬಂತು. ಹಿಂಬದಿ ಬೋಳು. ಮನಸ್ಸು ಎಲ್ಲೋ ಇತ್ತು, ಕೈ ಎಲ್ಲೋ ಕೆಲಸ ಮಾಡಿತ್ತು.

“ಇದನ್ನ ನೋಡಮ್ಮ” ಎಂದ. “ಮುಂದೆ ಎಷ್ಟು ಚೆನ್ನಾಗಿದೆ. ಹಿಂದೆ ಹಿಡಿದೇ ಇಲ್ಲ. ತಪ್ಪು ಗೋಡೇದಲ್ಲ. ನಮ್ಮಿಬ್ಬರ ವಿಷಯಾನೂ ಹೀಗೇ. ಅವಳಲ್ಲಿ ಏನೂ ತೊಂದರೆ ಇಲ್ಲ. ಹಿಡಿತ ಇಲ್ದೆ ಇರೋದು ನನ್ನಲ್ಲಿ.”

ತಾಯಿ ಟೈಲ್ಸನ್ನು ನೋಡಲಿಲ್ಲ, ಮಗನ ಮುಖವನ್ನೇ ನೋಡಿದಳು. “ನಿಂದೇನೂ ಇಲ್ಲ ಅಂತ ಡಾಕ್ಟ್ರು ಹೇಳಿದ್ರು ಅಂದ್ಯಲ್ಲೋ.”

“ಇಬ್ಬರದೂ ಏನೂ ಕಾಣ್ತಿಲ್ಲ ಅಂದಿದ್ರು. ನಾನು ನಂದಷ್ಟೇ ಬಂದು ಹೇಳಿದೆ.”

ತಾಯಿ ತಿರುಗಿ ಅಡುಗೆಮನೆಗೆ ನಡೆದಳು. ಅವನೂ ಸಿಮೆಂಟಿನ ಕೈಯಲ್ಲೇ ಹಿಂದೆ ಹೋದ. ತಾಯಿ ಸೊಸೆಯ ಮುಂದೆ ಕೂಸನ್ನು ಚಾಚಿ ನಿಂತಳು.

ಹೆಂಡತಿಗೆ ಮಾತೆಲ್ಲ ಕೇಳಿಸಿತ್ತು. ಅವಳು ಅತ್ತೆಯನ್ನು ನೋಡಲಿಲ್ಲ. ಅತ್ತೆಯ ಹಿಂದೆ ನಿಂತಿದ್ದ ಗಂಡನನ್ನು ನೋಡಿದಳು.

“ಅವತ್ತೇ ಇನ್ನರ್ಧಾನೂ ಹೇಳಿದ್ರೆ ಸಾಕಾಗಿತ್ತು” ಎಂದಳು.

ನಲ್ಲಿ ನಿಲ್ಲಿಸಿದಳು. ಒದ್ದೆ ಕೈ ಒರೆಸಿಕೊಳ್ಳದೆಯೇ ಮಗುವನ್ನು ಎತ್ತಿಕೊಂಡಳು.