ಪಾತ್ರೆಯ ಬುಡದ ಬಳ್ಳಿ

ನಾನು ಮದುವೆಯಾಗಿ ನವಲಗುಂದದ ಕಡೆಯ ಮೊರಬಕ್ಕೆ ಬಂದಾಗ ನನ್ನ ಗಂಡ ಅಲ್ಲಿನ ಶಾಲೆಯಲ್ಲಿ ಮಾಸ್ತರರು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮಾಸ್ತರರ ಪಗಾರದಲ್ಲಿ ಮನೆ ನಡೆಯುತ್ತಿತ್ತು, ಆದರೆ ಕುಂಟುತ್ತ ನಡೆಯುತ್ತಿತ್ತು. ನಾದಿನಿಯ ಮದುವೆ ಎದುರಿಗಿತ್ತು. ನನ್ನದು ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಕೈಯಲ್ಲಿ ಮಧ್ಯಾಹ್ನದ ಮೂರು ತಾಸು ಖಾಲಿ ಇರುತ್ತಿದ್ದವು. ಏನಾದರೂ ಮಾಡಬೇಕೆಂದು ನನಗೇ ಅನ್ನಿಸಿತು.

ಮೊದಲು ಸೀರೆಗೆ ಫಾಲ್ ಹಚ್ಚಿಕೊಡುತ್ತೇನೆಂದು ಓಣಿಯಲ್ಲಿ ಹೇಳಿದೆ. ಹದಿನೈದು ದಿನ ಒಬ್ಬರೂ ಬರಲಿಲ್ಲ. ಆಮೇಲೆ ಬಾಜೂ ಮನೆಯಾಕೆ ಕಟ್ಟೆಯ ಮೇಲೆ ಕೂತು ನನಗೆ ತಿಳಿಸಿ ಹೇಳಿದಳು. ಈ ಊರಿನ ಹೆಂಗಸರೆಲ್ಲ ಉಡುವುದು ಇಳಕಲ್ ಸೀರೆ, ಅದಕ್ಕೆ ಫಾಲ್ ಹಚ್ಚಿದರೆ ಎರೆಹೊಲದ ಮಣ್ಣು ಅದರೊಳಗೆ ಸೇರಿ ಸೀರೆಯೇ ಒಂದು ಬುಟ್ಟಿ ಆದೀತು, ಅಂತ. ಆ ಉದ್ಯೋಗ ಅಲ್ಲಿಗೇ ನಿಂತಿತು. ಆಮೇಲೆ ಮನೆಪಾಠ ಹೇಳಲು ಹೊರಟೆ. ಆದರೆ ನನ್ನ ಗಂಡ ಸಂಜೆ ಕಟ್ಟೆಯ ಮೇಲೆ ಕೂಡಿಸಿಕೊಂಡು ಅದೇ ಮಕ್ಕಳಿಗೆ ಪುಕ್ಕಟೆ ಹೇಳಿಕೊಡುತ್ತಿದ್ದರು. ಗಂಡನ ಎದುರೇ ಅಂಗಡಿ ಹಾಕುವುದು ಸರಿ ಕಾಣಲಿಲ್ಲ.

ಮೂರನೆಯದು ಹಣೆಯಲ್ಲಿ ಬರೆದಿತ್ತು ಅನ್ನಬೇಕು. ನನ್ನಣ್ಣ ಹುಬ್ಬಳ್ಳಿಯ ಒಂದು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಹೊಸ ಮಷಿನ್ ಬಂದಿತ್ತು. ಹಳೆಯದನ್ನು ಮಾಲಕರು ಇವನಿಗೆ ಕೊಟ್ಟುಬಿಟ್ಟಿದ್ದರು. ದಪ್ಪ ಪೆನ್ನಿನಂಥ ಒಂದು ಹಿಡಿಕೆ, ತುದಿಗೆ ಸೂಜಿ, ಹಿಂದೆ ಉದ್ದನೆಯ ವಾಯರು. ಕರೆಂಟಿಗೆ ಹಚ್ಚಿದರೆ ಜೀರ್ ಅಂತ ನಡುಗುತ್ತ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡುತ್ತದೆ. ಅಣ್ಣ ಅದನ್ನು ಟಾವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ನನ್ನ ಮುಂದಿಟ್ಟ.

"ನಿನ್ನ ಕೈ ಅಪ್ಪನ ಕೈ ಇದ್ದಂಗ ಐತಿ. ಹಿಡದ ನೋಡು," ಅಂದ.

ನಮ್ಮಪ್ಪ ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಬರೆಯುತ್ತಿದ್ದರು. ಸಣ್ಣವಳಿದ್ದಾಗ ನಾನೂ ಅವರ ಬಾಜೂ ಕೂತು ಬಳ್ಳಿ, ಹೂವು, ಗಿಳಿ ತಿದ್ದಿದವಳೇ. ಹಾಗಾಗಿ ಕೈ ನಡುಗಲಿಲ್ಲ, ಮಷಿನ್ನೇ ನಡುಗುತ್ತಿತ್ತು. ರೂಢಿಯಾಗಲೆಂದು ಮನೆಯ ಊಟದ ತಾಟುಗಳ ಮೇಲೆ ಅಕ್ಷರಮಾಲೆಯನ್ನೆಲ್ಲ ಬರೆದೆ. ನನ್ನ ಗಂಡ ಒಂದು ತಿಂಗಳು ಕವರ್ಗದ ಮೇಲೆ ರೊಟ್ಟಿ, ಟವರ್ಗದ ಮೇಲೆ ಪಲ್ಯ ಹಾಕಿಕೊಂಡು ಉಂಡರು. ಉಣ್ಣುತ್ತಲೇ ಒಂದು ದಿನ, ಞ ಸರಿ ಬಂದಿಲ್ಲ, ಇನ್ನೊಮ್ಮೆ ಬರಿ, ಅಂದರು. ಮಾಸ್ತರರ ಹೆಂಡತಿ ಪಾತ್ರೆ ಕೊರೆಯುವುದು ಮರ್ಯಾದೆಯ ಕೆಲಸ ಹೌದೋ ಅಲ್ಲವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಅಷ್ಟಕ್ಕೇ ಮುಗಿಯಿತು.

ಅತ್ತೆ ಮಾತ್ರ ಒಪ್ಪಲಿಲ್ಲ. ಅವರು ಓದು ಬಾರದವರು, ಆದರೆ ಮನೆಯ ಕಾರಭಾರವೆಲ್ಲ ಅವರದೇ. ಪಾತ್ರೆಗೆ ಹೆಸರು ಹಾಕುವುದು ಅಂದರೆ ಊರವರನ್ನೆಲ್ಲ ಕಳ್ಳರು ಅಂದಂತೆ, ಅನ್ನುವುದು ಅವರ ವಾದ. ನಿಜವಾದ ಕಾರಣ ನನಗೆ ಬಹಳ ದಿನದ ಮೇಲೆ ತಿಳಿಯಿತು.

ಊರಿನವರು ಒಪ್ಪಿದರು. ಮದುವೆ, ಕಾರ್ಯ ಅಂತ ಒಬ್ಬರ ಕೊಳಗ, ಪರಾತ ಇನ್ನೊಬ್ಬರ ಮನೆಗೆ ಹೋದರೆ ತಿರುಗಿ ಬರುವಾಗ ಬೇರೆಯವರ ಮನೆಗೆ ಹೋಗಿಬಿಡುತ್ತಿತ್ತು. ಹೆಸರು ಕೊರೆದ ಪಾತ್ರೆ ದಾರಿ ತಪ್ಪುವುದಿಲ್ಲ ಅಂತ ಗೊತ್ತಾದ ಮೇಲೆ ನಮ್ಮ ಕಟ್ಟೆಯ ಮೇಲೆ ಸ್ಟೀಲಿನ ಸಂತೆ ಕೂಡಿತು. ಪಕ್ಕದ ತಿರ್ಲಾಪುರದಿಂದಲೂ ಚೀಲದಲ್ಲಿ ತುಂಬಿಕೊಂಡು ತಂದರು. ನಾನು ಕೆಲಸದ ವೇಳೆ ಇಂಥದ್ದು ಅಂತ ಇಟ್ಟುಕೊಂಡಿರಲಿಲ್ಲ. ಕರೆಂಟು ಬಂದಾಗ ನನ್ನ ವೇಳೆ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ದೀಪ ಹತ್ತಿತೆಂದರೆ ಮಷಿನ್ ಹಿಡಿದು ಓಡುತ್ತಿದ್ದೆ. ವೋಲ್ಟೇಜ್ ಕಡಿಮೆಯಾದರೆ ಸೂಜಿ ಸಾಯುವವರ ಉಸಿರಿನಂತೆ ನಿಂತು ನಿಂತು ಆಡುತ್ತಿತ್ತು. ಅಂಥ ಹೊತ್ತಿನಲ್ಲಿ ಕೊರೆದ ಹೆಸರುಗಳು ಮುಪ್ಪಿನವರ ಸಹಿಯ ಹಾಗೆ ಕಾಣುತ್ತಿದ್ದವು.

ಅಕ್ಷರಕ್ಕೆ ಇಷ್ಟು ಅಂತ ರೇಟು. ಅದರಿಂದ ಒಂದು ಜಗಳ ಹುಟ್ಟಿತು. ಒತ್ತಕ್ಷರವನ್ನು ಒಂದು ಅಂತ ಹಿಡಿಯಬೇಕೋ ಎರಡು ಅಂತಲೋ? ನನಗೆ ಅದು ಎರಡರ ಕೆಲಸ. ಗಿರಾಕಿಗಳು ಒಪ್ಪಲಿಲ್ಲ, ಮಾಸ್ತರರನ್ನೇ ಕೇಳೋಣ ಅಂದರು. ನನ್ನ ಗಂಡ ಶಾಲೆಯಿಂದ ಬಂದು, ಸೈಕಲ್ ನಿಲ್ಲಿಸಿ, ಚಾಳೀಸು ಹಾಕಿಕೊಂಡು, ವ್ಯಾಕರಣದ ಪ್ರಕಾರ ಸಂಯುಕ್ತಾಕ್ಷರವೂ ಒಂದೇ ಅಕ್ಷರ ಅಂತ ತೀರ್ಪು ಕೊಟ್ಟರು. ಗಿರಾಕಿಗಳು ಖುಷಿಯಿಂದ ಹೋದರು. ನಾನು ಆ ರಾತ್ರಿ ಅವರ ತಾಟಿಗೆ ಪಲ್ಯ ಬಡಿಸಲಿಲ್ಲ. ಅಷ್ಟಕ್ಕೇ ಬಿಡದೆ ಜನ ಹೆಸರುಗಳನ್ನೇ ಮೊಟಕು ಮಾಡತೊಡಗಿದರು. ಅಪ್ಪ, ಅವ್ವ, ಗೌಡ ಎಲ್ಲ ಉದುರಿಹೋಗಿ ಊರ ಹಿರಿಯರು ಪಾತ್ರೆಯ ಮೇಲೆ ಎರಡಕ್ಷರದ ಹುಡುಗರಾದರು.

ನಾದಿನಿಯ ಮದುವೆಯೂ ಆಯಿತು. ಅದಾಗಿ ವರ್ಷ ತುಂಬುವುದರೊಳಗೆ ಊರಿನ ಗೌಡರ ಮಗಳ ಮದುವೆ ಬಂತು. ಗೌಡರಿಗೆ ಒಂದು ವಿಚಾರ ಹೊಳೆದಿತ್ತು. ಯಾರು ಯಾವ ಪಾತ್ರೆ ಉಡುಗೊರೆ ಕೊಟ್ಟು ಆಯೇರಿ ಮಾಡಿದರು ಅಂತ ವಹಿಯಲ್ಲಿ ಬರೆದರೆ ವಹಿ ಕಳೆದುಹೋಗುತ್ತದೆ. ಅದರ ಬದಲು ಕೊಟ್ಟವರ ಹೆಸರನ್ನು ಅಲ್ಲೇ ಪಾತ್ರೆಯ ಮೇಲೆ ಕೊರೆದುಬಿಟ್ಟರೆ ಮಗಳು ಸಾಯುವತನಕ ನೆನಪಿಡುತ್ತಾಳೆ. ನನಗೆ ಹೇಳಿಕಳಿಸಿದರು. ಹಂದರದ ಕೆಳಗೆ, ಆಯೇರಿ ಇಡುವ ಟೇಬಲಿನ ಮಗ್ಗುಲಿಗೆ ನನಗೊಂದು ಚಾಪೆ ಹಾಸಿ, ಮನೆಯೊಳಗಿಂದ ವಾಯರು ಎಳೆದುಕೊಟ್ಟರು. ನನ್ನ ಬಲಕ್ಕೆ ಕುರ್ಚಿಯ ಮೇಲೆ ಗೌಡಸಾನಿ, ಅಂದರೆ ಗೌಡರ ಹೆಂಡತಿ, ಜರದ ಸೀರೆಯುಟ್ಟು ಕೂತಿದ್ದರು.

ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದ ಮೇಲೆ ಹೆಂಗಸರ ಸಾಲು ಶುರುವಾಯಿತು. ಮೊದಲ ನಾಲ್ಕೈದು ಮಂದಿ ಸಂತೋಷದಿಂದ ಹೆಸರು ಹೇಳಿ ಹೋದರು. ಆಮೇಲೆ ಸಾಲಿನ ಹಿಂದುಗಡೆ ಏನೋ ಗುಸುಗುಸು ಎದ್ದಿತು. ಒಬ್ಬಾಕೆಗೆ ಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು ಬಂದದ್ದು ನೆನಪಾಯಿತು. ಇನ್ನೊಬ್ಬಾಕೆ ತನ್ನ ತಂಬಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಬೆಳಿಗ್ಗೆಯಿಂದ ನಿಂತು ಕಾಲು ನೋಯ್ತಾವು, ಆಮೇಲೆ ಬರ್ತೀನಿ, ಅಂತ ಹೊರಟಳು. ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ನಮ್ಮತ್ತೆಯೇ ಮುಂದೆ ಬಂದರು. ಕೈಯಲ್ಲಿ ಹೊಳೆಯುವ ಸ್ಟೀಲ್ ಡಬ್ಬಿ. ಹುಣಸೆಹಣ್ಣು, ಬೂದಿ ಹಚ್ಚಿ ಎರಡು ದಿನ ತಿಕ್ಕಿದ್ದರು. ಗೌಡಸಾನಿಗೆ ಕೇಳುವಂತೆ, "ನನ್ನ ಹೆಸರ ದೊಡ್ಡ ಅಕ್ಷರದಾಗ ಹಾಕವಾ," ಅಂದರು.

ಡಬ್ಬಿಯನ್ನು ಮಡಿಲಲ್ಲಿ ಬೋರಲು ಹಾಕಿದೆ. ಅದರ ಬುಡದಲ್ಲಿ ಮೊದಲೇ ಒಂದು ಹೆಸರಿತ್ತು. ಅಕ್ಷರ ನನ್ನದೇ. 'ಸೌ.' ಎಂದು ಶುರುವಾಗಿ ಮುಂದೆ ಇದ್ದದ್ದು ನನ್ನ ಬಲಕ್ಕೆ ಕೂತ ಗೌಡಸಾನಿಯ ಹೆಸರು.

ಒಂದು ಕ್ಷಣಕ್ಕೆ ಎಲ್ಲ ತಿಳಿದುಹೋಯಿತು. ನಾದಿನಿಯ ಮದುವೆಯಲ್ಲಿ ಗೌಡಸಾನಿ ಈ ಡಬ್ಬಿಯನ್ನು ನನ್ನಿಂದಲೇ ಹೆಸರು ಹಾಕಿಸಿ ಆಯೇರಿ ಕೊಟ್ಟಿದ್ದರು. ಅತ್ತೆ ಮಗಳಿಗೆ ಬಂದ ಪಾತ್ರೆಗಳಲ್ಲಿ ನಾಲ್ಕನ್ನು ಕಳಿಸದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು, ಮುಂದಿನ ಮದುವೆಗಳಿಗೆ ಬೇಕಾಗುತ್ತವೆ ಅಂತ. ಅವರಿಗೆ ಆ ಚುಕ್ಕಿಗಳು ಕಂಪನಿಯ ಗುರುತು ಅನ್ನಿಸಿರಬೇಕು. ಇಷ್ಟು ದಿನ ಅವರು ಹೆಸರು ಕೊರೆಯುವುದನ್ನು ಬೈದದ್ದು ಯಾಕೆ, ಸಾಲಿನಲ್ಲಿದ್ದ ಹೆಂಗಸರಿಗೆ ಕಾಲು ನೋವು ಬಂದದ್ದು ಯಾಕೆ, ಎಲ್ಲ ಆ ಡಬ್ಬಿಯ ಬುಡದಲ್ಲಿ ನನಗೆ ಕಂಡಿತು. ಒಂದು ಪಾತ್ರೆ ಹತ್ತು ಮದುವೆ ಉಣ್ಣುವ ಊರಿನಲ್ಲಿ ನಾನು ಸೂಜಿ ಹಿಡಿದುಕೊಂಡು ಕೂತಿದ್ದೆ.

ಡಬ್ಬಿ ಹಾಗೇ ಟೇಬಲಿಗೆ ಹೋದರೆ ಇಂದಲ್ಲ ನಾಳೆ ಗೌಡಸಾನಿಗೆ ಕಾಣುತ್ತದೆ, ಸುಮ್ಮನೆ ಕೂತರೆ ಯಾಕೆ ಅಂತ ಕೇಳುತ್ತಾರೆ. ಮಷಿನ್ ಚಾಲೂ ಮಾಡಿ 'ಸೌ'ದ ಮೇಲೆಯೇ ಸೂಜಿ ಇಟ್ಟೆ. ಅದರ ಸುರುಳಿಯ ಸುತ್ತ ಐದು ಎಸಳು ಎಳೆದೆ, ಹೂವಾಯಿತು. ಮುಂದಿನ ಅಕ್ಷರದ ಬಾಲವನ್ನು ಉದ್ದ ಮಾಡಿದೆ, ಬಳ್ಳಿಯಾಯಿತು. ಸೊನ್ನೆಗಳು ಮೊಗ್ಗಾದವು, ಒತ್ತಕ್ಷರಗಳು ಎಲೆಯಾದವು. ಕೊನೆಯ ಅಕ್ಷರ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಅದಕ್ಕೆ ಕೊಕ್ಕು ಹಚ್ಚಿ ಗಿಳಿ ಮಾಡಿದೆ.

ಗೌಡಸಾನಿ ಬಗ್ಗಿ ನೋಡಿ, ಇದೇನು ಅಂತ ಕೇಳಿದರು.

"ನಮ್ಮ ಕಲಘಟಗಿ ತೊಟ್ಟಿಲದ ಬಳ್ಳಿರಿ. ಹೊಸ ಮದುಮಗಳಿಗೆ ಶುಭಾ ಅಂತ," ಅಂದೆ.

ಅವರು ತಲೆಯಾಡಿಸಿದರು. ಡಬ್ಬಿಯ ಮೈಮೇಲೆ ಅತ್ತೆಯ ಹೆಸರು ಹಾಕಿ ಕೊಟ್ಟೆ. ಅತ್ತೆಗೆ ಮಾತ್ರ ಸಿಟ್ಟು ಬಂದಿತ್ತು. ಬುಡಕ್ಕೆ ಇಷ್ಟು ಚಂದದ ಬಳ್ಳಿ ಹಾಕಿ, ಹೆಸರನ್ನು ಬಾಜೂಕ್ಕೆ ಸಣ್ಣದಾಗಿ ಬರೆದಳು ಅಂತ ಪಕ್ಕದವರಿಗೆ ಹೇಳುತ್ತ ಊಟಕ್ಕೆ ಹೋದರು.

ಅವರ ಹಿಂದೆ ನಿಂತಾಕೆ ನನ್ನ ಕೆಲಸವನ್ನು ಕಣ್ಣು ಕಿರಿದು ಮಾಡಿ ನೋಡಿದ್ದಳು. ಚಾಪೆಯ ಮೇಲೆ ನನ್ನ ಕಿವಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಯಕ್ಕಾ, ನಮ್ಮ ತಂಬಗಿಗೂ ಒಂದ ಬಳ್ಳಿ ಹಾಕು," ಅಂದಳು. ತಿರುಗಿಸಿ ನೋಡಿದೆ. ಬಾಯಿಯ ಒಳಗಂಚಿಗೆ ನವಲಗುಂದದ ಯಾರದೋ ಹೆಸರಿತ್ತು. ಸುದ್ದಿ ಸಾಲಿನ ಕೊನೆಯವರೆಗೂ ಹೇಗೆ ಹೋಯಿತೋ ಗೊತ್ತಿಲ್ಲ. ಹಾಲು ಇಟ್ಟು ಬಂದಿದ್ದಾಕೆ ತಿರುಗಿ ಬಂದಳು, ಕಾಲುನೋವಿನಾಕೆಯೂ ಬಂದಳು. ಮಧ್ಯಾಹ್ನದವರೆಗೆ ನಾನು ಬಳ್ಳಿ, ಗಿಳಿ, ಮಾವಿನಕಾಯಿ, ಒಂದು ಪರಾತದ ಮೇಲಂತೂ ಆನೆಯನ್ನೇ ಕೊರೆದೆ. ಅದರ ಮೇಲಿದ್ದ ಹೆಸರು ಅಷ್ಟು ದೊಡ್ಡದಿತ್ತು. ಊಟಕ್ಕೆ ಬಂದ ನನ್ನ ಗಂಡ ಟೇಬಲಿನ ಮೇಲಿನ ರಾಶಿ ನೋಡಿ, ಇದೇನು ಪಾತ್ರೆಯೋ ಪ್ರಾಣಿ ಸಂಗ್ರಹಾಲಯವೋ ಅಂದರು. ಮನೆಗೆ ಬನ್ನಿ, ಹೇಳುತ್ತೇನೆ, ಅಂದೆ.

ಮನೆಗೆ ಬಂದು ಇಬ್ಬರಿಗೂ ಹೇಳಿದೆ. ಗಂಡ ನಗುತ್ತ ಕಂಬ ಹಿಡಿದುಕೊಂಡರು. ಅತ್ತೆ ನಗಲಿಲ್ಲ. ಎಲೆಅಡಿಕೆಯ ತಬಕನ್ನು ಬದಿಗೆ ಸರಿಸಿ, ಗೌಡಸಾನಿ ನೋಡಿದಳೇನು ಅಂತ ಒಂದೇ ಮಾತು ಕೇಳಿದರು. ಇಲ್ಲ ಅಂದೆ. ಆಮೇಲೆ, ಓದಲು ಬಾರದವರ ಮನೆಗೆ ಬರೆದ ಪಾತ್ರೆ ಕೊಡುವುದು ಯಾವ ಸೀಮೆಯ ರೀತಿ ಅಂತ ಗೌಡಸಾನಿಯನ್ನೇ ಬೈದು ಎದ್ದು ಹೋದರು.

ಎರಡು ತಿಂಗಳ ಮೇಲೆ ಗೌಡಸಾನಿ ನನ್ನನ್ನು ಕರೆಸಿದರು. ಹೆದರುತ್ತಲೇ ಹೋದೆ. ಅಡುಗೆಮನೆಯಲ್ಲಿ ಅದೇ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಮುಚ್ಚಳದ ಅಂಚಿನ ಒಂದು ತಗ್ಗು ತೋರಿಸಿದರು. ಇದು ನನ್ನ ಕೈಯಿಂದ ಬಿದ್ದು ಆದದ್ದು, ಹಂದರದಲ್ಲಿ ನಿಮ್ಮತ್ತೆ ಕೈಯಲ್ಲಿ ನೋಡಿದ ಕೂಡಲೇ ಗುರುತು ಹಿಡಿದಿದ್ದೆ, ಅಂದರು.

"ಹೆದರಬ್ಯಾಡ. ನನಗೂ ಇದು ಆಯೇರಿಯೊಳಗ ಬಂದದ್ದ," ಅಂದರು. "ಮೈಮ್ಯಾಲಿನ ನಿಮ್ಮತ್ತಿ ಹೆಸರಿಗೂ ಒಂದ ಬಳ್ಳಿ ಹಾಕಿ ಕೊಡು. ಬರೋ ವಾರ ಕುಂದಗೋಳದಾಗ ಒಂದ ಮದುವಿ ಐತಿ."

ಹಾಕಿಕೊಟ್ಟೆ. ಆ ಬಳ್ಳಿಗೆ ಅವರು ಕೊಟ್ಟ ಹಣ ಹೆಸರಿಗಿಂತ ಜಾಸ್ತಿ. ಆಮೇಲಿನ ಮೂರ್ನಾಲ್ಕು ವರ್ಷ ನಾನು ಹೆಸರು ಬರೆದದ್ದಕ್ಕಿಂತ ಹೆಸರು ಅಳಿಸಿದ್ದೇ ಹೆಚ್ಚು. ನವಲಗುಂದದ ಪಾತ್ರೆ ಅಂಗಡಿಯವರೇ ಪುಕ್ಕಟೆ ಹೆಸರು ಹಾಕಿಕೊಡಲು ಶುರುಮಾಡಿದಾಗ ನನಗೆ ನಷ್ಟವೇನೂ ಆಗಲಿಲ್ಲ. ಅವರು ಹೆಚ್ಚು ಬರೆದಷ್ಟೂ ನನಗೆ ಕೆಲಸ ಹೆಚ್ಚಾಯಿತು. ಕೊನೆಗೆ ಮಷಿನ್ನೇ ಒಂದು ದಿನ ಹೊಗೆ ಬಿಟ್ಟು ಸುಮ್ಮನಾಯಿತು.

ಆದರೆ ಗೌಡರ ಮಗಳ ಮದುವೆಯ ನಿಜವಾದ ಪರಿಣಾಮ ನಮ್ಮತ್ತೆಯ ಮೇಲಾಯಿತು. ಮರುದಿನವೇ ಅವರು ಮಗನ ಮುಂದೆ ಕೂತು, ನನಗೆ ಓದಲು ಕಲಿಸು ಅಂದಿದ್ದರು. ಪಾಟಿ ಬೇಡ, ಪುಸ್ತಕ ಬೇಡ, ಪಾತ್ರೆ ಮೇಲಿನದು ಓದಲು ಬಂದರೆ ಸಾಕು. ಆರು ತಿಂಗಳು ದಿನಾ ಮಧ್ಯಾಹ್ನ ಗೋಡೆಯ ಮಾಡದ ಮೇಲಿನ ಒಂದೊಂದೇ ಪಾತ್ರೆ ಇಳಿಸಿ, ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದರು. ಅರವತ್ತು ದಾಟಿದ ಮೇಲೆ ಬಂದ ಓದು, ಹಿಡಿದರೆ ಬಿಡಲಿಲ್ಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಬೆಂಕಿಪೊಟ್ಟಣ ಯಾವುದನ್ನೂ ಬಿಡುತ್ತಿರಲಿಲ್ಲ. ಆದರೆ ಪ್ರೀತಿ ಮಾತ್ರ ಪಾತ್ರೆಯ ಮೇಲೆಯೇ.

ಅಣ್ಣಿಗೇರಿಯ ಬೀಗರ ಮನೆಗೆ ಒಮ್ಮೆ ಊಟಕ್ಕೆ ಹೋಗಿದ್ದೆವು. ತಾಟು ಇಟ್ಟರು. ಅನ್ನ ಬಡಿಸಲು ಬಂದಾಕೆ ಚಮಚ ಎತ್ತುವುದರೊಳಗೆ ಅತ್ತೆ ತಾಟನ್ನು ಬೋರಲು ಮಾಡಿ, ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಅದು ಬೀಗರದಲ್ಲ, ಅವರ ಎದುರು ಮನೆಯವರ ಹೆಸರು. ಎದುರು ಮನೆಯಾಕೆ ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂತಿದ್ದಳು. ಬಡಿಸುವಾಕೆಯ ಕೈಯಲ್ಲಿ ಅನ್ನ ಹಾಗೇ ನಿಂತಿತು. ಓದಿ ಮುಗಿಸಿದ ಸಂತೋಷದಲ್ಲಿ ಅತ್ತೆ ಯಾರ ಮುಖವನ್ನೂ ನೋಡಲಿಲ್ಲ.

ಅಂದಿನಿಂದ ಯಾವ ಬೀಗರ ಮನೆಗೆ ಹೋದರೂ ಎಲ್ಲರಿಗೂ ತಾಟು ಇಟ್ಟು, ಅತ್ತೆಗೆ ಮಾತ್ರ ಮುತ್ತಲದ ಎಲೆ ಹಾಕುತ್ತಿದ್ದರು. ಹಿರಿಯರು ಅಂತ ನನಗೆ ಎಷ್ಟು ಮರ್ಯಾದೆ ಕೊಡುತ್ತಾರೆ ನೋಡು ಅಂತ ಅವರು ದಾರಿಯುದ್ದಕ್ಕೂ ಹೇಳುತ್ತ ಬರುತ್ತಿದ್ದರು. ನಾನೂ ನನ್ನ ಗಂಡನೂ ಹೌದು ಅನ್ನುತ್ತಿದ್ದೆವು.