ದೊಡ್ಡಪ್ಪನ ಬಾಗಿಲಿಗೆ ಬಂದ ದೇವಮಾತೆ

ಆಗಷ್ಟೇ ಆರಿಸಿದ ಮೇಣದಬತ್ತಿಯ ಹೊಗೆ ಮೂಗಿಗೆ ಬಡಿದರೆ ಸಾಕು, ಅದರ ಹಿಂದೆಯೇ ನನಗೆ ಹೊಗೆಸೊಪ್ಪಿನ ವಾಸನೆಯೂ ಬರುತ್ತದೆ. ಹುಣಸೂರಿನ ಚರ್ಚಿನೊಳಗೆ ಹೊಗೆಸೊಪ್ಪು ಎಲ್ಲಿಂದ ಬರಬೇಕು ಹೇಳಿ! ಆದರೆ ಹಾರನಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಅಕ್ಟೋಬರ್ ಬಂತೆಂದರೆ ಇದ್ದದ್ದು ಎರಡೇ ಕೆಲಸ. ಹಗಲೆಲ್ಲ ಬ್ಯಾರನ್ನಿಗೆ, ಅಂದರೆ ಹೊಗೆಸೊಪ್ಪು ಒಣಗಿಸುವ ಗೂಡಿಗೆ, ಸೌದೆ ಹಾಕಿ ಸೊಪ್ಪು ಬೇಯಿಸುವುದು, ಸಂಜೆಯಾದರೆ ಜಪಸರ ಹಿಡಿದು ಮಂಡಿಯೂರುವುದು. ಗಂಡಸರ ಅಂಗಿ, ಹೆಂಗಸರ ಸೆರಗು, ಕೊನೆಗೆ ಜಪಸರದ ಮಣಿಗಳಿಗೂ ಆ ಘಾಟು ಹತ್ತಿಕೊಂಡಿರುತ್ತಿತ್ತು. ಮೊನ್ನೆ ಭಾನುವಾರದ ಪೂಜೆಯಲ್ಲಿ ಗುರುಗಳು ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಪತ್ರ ಓದಿದರು. ರಾಜಕೀಯ ನಮ್ಮನ್ನು ಮನೆಮನೆಯಲ್ಲೂ ಒಡೆಯುತ್ತಿದೆ, ಪಕ್ಷ ಯಾವುದಾದರೂ ಇರಲಿ, ಒಟ್ಟಿಗೆ ಕೂತು ಪ್ರಾರ್ಥಿಸಿ, ಒಂದಾಗಿರಿ ಎಂಬ ಪತ್ರ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ನನ್ನ ಕಿವಿಯ ಹತ್ತಿರ ಬಾಗಿ, "ಪ್ರಾರ್ಥನೆ ಮಾಡಿದ್ರೆ ಪಾರ್ಟಿ ಜಗಳ ನಿಂತೋಗುತ್ತಾ ಆಂಟಿ?" ಎಂದು ಕಿಸಕ್ಕನೆ ನಕ್ಕಳು. ನಿಲ್ಲುವುದಿಲ್ಲ ಮಗಳೇ. ಆದರೆ ಬೇರೆ ಏನೋ ಆಗುತ್ತದೆ. ಕಣ್ಣಾರೆ ಕಂಡಿದ್ದೇನೆ, ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ನಮ್ಮದು ತೊಟ್ಟಿಮನೆ. ನಡುವೆ ಅಂಗಳ, ಅದರ ಎಡಕ್ಕೆ ದೊಡ್ಡಪ್ಪ ರಾಯಪ್ಪನ ಸಂಸಾರ, ಬಲಕ್ಕೆ ನನ್ನ ಅಪ್ಪ ಚಿನ್ನಪ್ಪನ ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಅದರ ಒಡತಿ ನನ್ನ ಅಜ್ಜಿ. ಬೆಳಿಗ್ಗೆ ಆ ಅಡುಗೆಮನೆಯಿಂದ ಏಳುತ್ತಿದ್ದ ಹಸಿ ಸೌದೆಯ ಹೊಗೆ, ಅವರೆಕಾಳಿನ ಸಾರಿನ ಪರಿಮಳ, ದೊಡ್ಡಮ್ಮ ಮುದ್ದೆ ತೊಳಸುವಾಗ ಪಾತ್ರೆಯೊಳಗೆ ಕೋಲು ತಿರುಗುವ ಸದ್ದು, ಇವುಗಳಿಂದಲೇ ನನಗೆ ಎಚ್ಚರವಾಗುತ್ತಿತ್ತು. ಅಜ್ಜಿ ಕಡ್ಡಿಯಂಥ ಹೆಂಗಸು, ಬಾಯಿ ಮಾತ್ರ ಕತ್ತರಿ. ಬೀದಿಯ ಜಪಸರಕ್ಕೆ ಅವಳೇ ಮುಂದಾಳು. ಅವಳು "ನಮೋ ಮರಿಯಾ" ಎಂದು ರಾಗ ಎಳೆದರೆ ಪಕ್ಕದ ಬೀದಿಯ ಗೌಡರ ಮನೆಯವರೂ ದೀಪ ಹಚ್ಚುವ ಹೊತ್ತಾಯಿತೆಂದು ಏಳುತ್ತಿದ್ದರು. ಅಪ್ಪನಿಗೂ ದೊಡ್ಡಪ್ಪನಿಗೂ ಹದಿನಾಲ್ಕು ವರ್ಷದ ಅಂತರ. ತಾತ ಬೇಗ ತೀರಿಕೊಂಡಿದ್ದರಿಂದ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ದೊಡ್ಡಪ್ಪನೇ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಪಂಚಾಯ್ತಿ ಚುನಾವಣೆ ಬಂತು. ದೊಡ್ಡಪ್ಪ ನಿಂತ. ಅವನ ಎದುರು ಪಾರ್ಟಿಯವರು ಯೋಚನೆ ಮಾಡಿದರು: ನಮ್ಮ ಕ್ರೈಸ್ತರ ಬೀದಿಯ ಓಟು ಒಡೆಯಬೇಕಾದರೆ ಅಣ್ಣನ ಎದುರು ತಮ್ಮನನ್ನೇ ನಿಲ್ಲಿಸಬೇಕು. ಹಾರ ಹಾಕಿದರು, ಹೊಗಳಿದರು, ಅಪ್ಪ ಒಪ್ಪಿಬಿಟ್ಟ. ನನ್ನ ಅಪ್ಪ ಒಳ್ಳೆಯವನು, ಆದರೆ ಹೊಗಳಿಕೆಗೆ ಬೆಣ್ಣೆ ಕರಗಿದ ಹಾಗೆ ಕರಗುತ್ತಿದ್ದ. ಮಾರನೆಯ ದಿನ ದೊಡ್ಡಪ್ಪ ತೆಂಗಿನಗರಿ ತಂದು, ಒಬ್ಬನೇ ಕೂತು ಹೆಣೆದು, ಅಂಗಳದ ನಡುವೆ ತಡಿಕೆ ಕಟ್ಟಿದ. ಅಡುಗೆಮನೆ ಅವನ ಕಡೆಗೆ ಉಳಿಯಿತು, ಅಮ್ಮ ನಮ್ಮ ಕಡೆ ಹೊಸ ಒಲೆ ಹೂಡಿದಳು. ಆಗ ಅಜ್ಜಿ ಹೊರಗಿನ ಜಗುಲಿಯ ಪಕ್ಕ ಮೂರು ಕಲ್ಲಿಟ್ಟು ತನ್ನ ಹಿಡಿ ಹಿಟ್ಟನ್ನು ತಾನೇ ಬೇಯಿಸಿಕೊಳ್ಳತೊಡಗಿದಳು. "ನನ್ ಮಕ್ಳಿಬ್ರೂ ಒಂದೇ ಕಡೆ ನಿಂತು ಜಪ ಮಾಡೋಗಂಟ ಯಾವೋನ ಮನೆ ಮುದ್ದೆನೂ ನನ್ ಗಂಟ್ಲಲ್ಲಿ ಇಳಿಯಾಕಿಲ್ಲ ಕಣ್ರಲಾ," ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು. ಎಪ್ಪತ್ತು ದಾಟಿದ ಜೀವ. ಹೊಗೆಗೆ ಕೆಮ್ಮುತ್ತಾ, ಅರೆಬೆಂದ ಮುದ್ದೆಗೆ ಉಪ್ಪು ಮೆಣಸಿನಕಾಯಿ ನಂಜಿಕೊಂಡು ತಿನ್ನುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ನನಗೆ ಅಳು ಬರುತ್ತಿತ್ತು, ಅಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು.

ಆಗ ನಮ್ಮ ಚರ್ಚಿಗೆ ಇದ್ದ ಸ್ವಾಮಿಯವರು ಕಡಿಮೆ ಮಾತಿನವರು. ಪೂಜೆಯಲ್ಲೂ ಗಂಡಸರು ಪಾರ್ಟಿ ಲೆಕ್ಕದಲ್ಲಿ ಎರಡು ಗುಂಪಾಗಿ ಕೂರುತ್ತಿದ್ದುದನ್ನು ಕೆಲವು ವಾರ ನೋಡಿದರು. ಒಂದು ಭಾನುವಾರ ಪ್ರಬೋಧನೆಯಲ್ಲಿ, "ಓಟು ನಿಮ್ಮದು, ಯಾರಿಗೆ ಹಾಕಿ ಅಂತ ನಾನು ಹೇಳೋದಿಲ್ಲ. ಪ್ರಾರ್ಥನೆ ಮಾತ್ರ ಒಟ್ಟಿಗೇ ಆಗಬೇಕು. ಯೇಸುವಿನ ಸಂದೇಶ ಸಾರಿದ ಸಂತ ರಾಯಪ್ಪರೂ ಸಂತ ಚಿನ್ನಪ್ಪರೂ ಎದುರೆದುರು ನಿಂತು ವಾದ ಮಾಡಿದವರೇ. ಆದರೂ ವರ್ಷಾವರ್ಷ ಇಬ್ಬರಿಗೂ ಒಂದೇ ದಿನ ಹಬ್ಬ," ಎಂದರು. ಎಲ್ಲರೂ ಅಪ್ಪನನ್ನೂ ದೊಡ್ಡಪ್ಪನನ್ನೂ ತಿರುಗಿ ನೋಡಿದರು. ಇಬ್ಬರೂ ನೆಲ ನೋಡುತ್ತಿದ್ದರು. ಆ ವಾರ ಸ್ವಾಮಿಯವರು ಅಕ್ಟೋಬರ್ ತಿಂಗಳ ಪಟ್ಟಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸಿದರು. ಆ ತಿಂಗಳು ದೇವಮಾತೆಯ ಸ್ವರೂಪ, ಅಂದರೆ ಮೂರ್ತಿ, ದಿನಕ್ಕೊಂದು ಮನೆಯಲ್ಲಿ ಇರುತ್ತದೆ. ಒಂದು ಮನೆಯ ಯಜಮಾನ ಅದನ್ನು ಎತ್ತಿಕೊಂಡು ಹೋಗಿ ಮುಂದಿನ ಮನೆಯ ಯಜಮಾನನ ಕೈಗೆ, ಹೊಸ್ತಿಲ ಬಳಿಯೇ ಕೊಡಬೇಕು. ನಡುವೆ ಎಲ್ಲೂ ಕೆಳಗಿಡುವ ಹಾಗಿಲ್ಲ. ಪ್ರತಿ ವರ್ಷ ನಮ್ಮ ತೊಟ್ಟಿಮನೆಗೆ ಒಂದು ದಿನ. ಈ ಸಲ ತಡಿಕೆ ಇತ್ತಲ್ಲ, ಸ್ವಾಮಿಯವರು ಎರಡು ಮನೆ ಎಂದೇ ಬರೆದಿದ್ದರು. ಮೊದಲ ದಿನ ಚಿನ್ನಪ್ಪನ ಮನೆ, ಮಾರನೆಯ ದಿನ ರಾಯಪ್ಪನ ಮನೆ!

ಆ ಮಾರನೆಯ ಸಂಜೆ ಅಪ್ಪ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಸ್ವರೂಪವನ್ನು ಎದೆಗವಚಿಕೊಂಡು ಹೊರಟ. ಮರದಲ್ಲಿ ಕೆತ್ತಿದ ಸ್ವರೂಪ ಅದು, ವರ್ಷ ತುಂಬಿದ ಕೂಸಿಗಿಂತ ಭಾರ. ಅಂಗಳದೊಳಗೆ ಹತ್ತು ಹೆಜ್ಜೆಯ ದಾರಿ, ತಡಿಕೆಯ ದೆಸೆಯಿಂದ ಬೀದಿ ಸುತ್ತಿ ದೊಡ್ಡಪ್ಪನ ಕಡೆಯ ಬಾಗಿಲಿಗೆ ಹೋಗಬೇಕಾಯಿತು. ಹಿಂದೆ ಮೇಣದಬತ್ತಿ ಹಿಡಿದ ಜನ, ಎರಡೂ ಪಾರ್ಟಿಯವರು. ಬಾಗಿಲು ತೆರೆದಿತ್ತು, ದೊಡ್ಡಪ್ಪ ಮಾತ್ರ ಹೊರಗೆ ಬರಲಿಲ್ಲ. ದೊಡ್ಡಮ್ಮ ಗಾಬರಿಯಿಂದ ಕೈ ಚಾಚಿದರೆ ಅಜ್ಜಿ ತಡೆದಳು. "ನೀನಲ್ಲ ಕಣವ್ವ. ಯಜಮಾನ ಬರ್ಲಿ." ಚರ್ಚಿನಲ್ಲಿ ಸ್ವಾಮಿಯವರಿಗೆ ನೆರವಾಗುತ್ತಿದ್ದ ಉಪದೇಶಿಯವರು ಒಂದು ಸ್ಟೂಲು ತಂದಿಟ್ಟರು. ಅಜ್ಜಿ ಅದನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿ, "ಕೆಳಗಿಟ್ಟೀಯ ಚಿನ್ನ, ಹುಷಾರು!" ಎಂದಳು. ಅಪ್ಪ ಇಡಲಿಲ್ಲ. ಜನ ಗುಜುಗುಜು ಅನ್ನತೊಡಗಿದರು. ಅಪ್ಪನ ಪಾರ್ಟಿಯವನೊಬ್ಬ, "ಮರ್ವಾದೆ ಇಲ್ದೋರ ಬಾಗ್ಲಲ್ಲಿ ಯಾಕಣ್ಣ ನಿಂತಿದ್ದೀ, ನಡಿ ಓಗವ," ಎಂದ. ಈಗ ಕೈ ಕೈ ಮಿಲಾಯಿಸುತ್ತಾರೆ ಎಂದು ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಸ್ವಾಮಿಯವರು ಯಾರನ್ನೂ ಬೈಯಲಿಲ್ಲ. "ಇರಲಿ, ಇಲ್ಲೇ ಶುರು ಮಾಡೋಣ," ಎಂದು ಬಿಳಿ ನಿಲುವಂಗಿಯಲ್ಲೇ ಬೀದಿಯ ಧೂಳಿನಲ್ಲಿ ಮಂಡಿಯೂರಿದರು. ಗುರುಗಳು ಮಂಡಿಯೂರಿದ ಮೇಲೆ ನಿಂತಿರುವ ಧೈರ್ಯ ಯಾರಿಗಿದೆ? ಬೀದಿ ಇಕ್ಕಟ್ಟು, ಪಾರ್ಟಿ ನೋಡಿ ಜಾಗ ಹಿಡಿಯಲು ಆಗಲಿಲ್ಲ, ಸಿಕ್ಕಸಿಕ್ಕವರ ಪಕ್ಕ ಎಲ್ಲರೂ ಮಂಡಿಯೂರಿದರು. ನಿಂತಿದ್ದವನು ಅಪ್ಪ ಒಬ್ಬನೇ.

ಜಪಸರವೆಂದರೆ ಐದು ಸುತ್ತು, ಸುತ್ತಿಗೆ ರಹಸ್ಯ ಎನ್ನುತ್ತೇವೆ, ಒಂದೊಂದಕ್ಕೂ ಹತ್ತು ನಮೋ ಮರಿಯಾ. ಮೊದಲನೆಯದು ಮುಗಿಯುವಾಗ ಅಪ್ಪನ ಹಣೆ ಬೆವರಿತು. ಎರಡನೆಯದರಲ್ಲಿ ತೋಳು ನಡುಗತೊಡಗಿತು. ಅಜ್ಜಿ ಅವನ ಕಡೆ ನೋಡಲೇ ಇಲ್ಲ, ಕಣ್ಣುಮುಚ್ಚಿ ರಾಗ ಎಳೆಯುತ್ತಲೇ ಇದ್ದಳು. ಮೂರನೆಯದರ ನಡುವೆ ದೊಡ್ಡಪ್ಪ ಹೊರಗೆ ಬಂದ. ಯಾರ ಮುಖವನ್ನೂ ನೋಡದೆ ಹೊಸ್ತಿಲ ಮೇಲೆ ನಿಂತು ಸ್ವರೂಪದ ಬುಡಕ್ಕೆ ಎರಡೂ ಕೈ ಕೊಟ್ಟ. "ಕೈ ನೋಯ್ತಾ ಅದಾ?" ಎಂದ. ತಡಿಕೆ ಕಟ್ಟಿದ ಮೇಲೆ ತಮ್ಮನ ಜೊತೆ ಆಡಿದ ಮೊದಲ ಮಾತು. "ಇಲ್ಲ ಬುಡಣ್ಣ," ಎಂದ ಅಪ್ಪ. "ಸುಳ್ ಯೋಳ್ಬ್ಯಾಡ. ಬಾರ ನನ್ ಕಡೀಕೆ ಬುಡು." ಆದರೆ ಅಪ್ಪ ಕೈ ತೆಗೆಯಲಿಲ್ಲ. ಐದನೆಯ ರಹಸ್ಯ ಮುಗಿಯುವವರೆಗೂ ಇಬ್ಬರೂ ಹಾಗೇ ಹಿಡಿದು ನಿಂತಿದ್ದರು, ಇಬ್ಬರ ಬಾಯಲ್ಲೂ ಪ್ರಾರ್ಥನೆ. ನನ್ನ ಎದೆ ತುಂಬಿ ಬಂದು ನಮೋ ಮರಿಯಾ ಹೇಳುವುದೇ ಮರೆತುಹೋಯಿತು. ಅಂದು ಅಜ್ಜಿ ದೊಡ್ಡಪ್ಪನ ಮನೆಯಲ್ಲಿ ಬಿಸಿ ಮುದ್ದೆ ಉಂಡಳು. "ಸಾರಿಗೆ ಉಪ್ಪೇ ಇಲ್ವಲ್ಲೇ," ಎಂದು ದೊಡ್ಡಮ್ಮನನ್ನು ಗದರಿ, ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ತಡಿಕೆಯನ್ನು ಯಾರೂ ಒಂದೇಟಿಗೆ ಕಿತ್ತೆಸೆಯಲಿಲ್ಲ. ದೊಡ್ಡಮ್ಮನೂ ಅಮ್ಮನೂ ದಿನಾ ಒಂದೊಂದು ಗರಿ ಎಳೆದು ನೀರೊಲೆಗೆ ಹಾಕುತ್ತಿದ್ದರು.

ಚುನಾವಣೆ ಮಾತ್ರ ನಡೆದೇ ನಡೆಯಿತು. ಇಬ್ಬರೂ ಹಿಂದೆ ಸರಿಯಲಿಲ್ಲ. ದೊಡ್ಡಪ್ಪ ಗೆದ್ದ. ಗೆದ್ದ ಅಮಲಿನಲ್ಲಿ ತಾನೇ ಬಂದು ನಮ್ಮ ಬಾಗಿಲ ಮುಂದೆ ಸರಪಟಾಕಿ ಹಚ್ಚಿದ. ಒಳಗೆ ಅಮ್ಮ ಕಣ್ಣೀರು ಹಾಕುತ್ತಿದ್ದರೆ ಅಪ್ಪ ನಗುತ್ತಾ, "ಹೊಡೀಲಿ ಬುಡೇ. ನಾನೂ ಅಣ್ಣಂಗೇ ಓಟು ಹಾಕ್ಬಂದಿವ್ನಿ," ಎಂದ. ಅಮ್ಮ ಬೆಚ್ಚಿಬಿದ್ದು ನನ್ನ ಕಡೆ ತಿರುಗಿ, ಇದನ್ನು ಎಲ್ಲಾದರೂ ಬಾಯಿಬಿಟ್ಟರೆ ಪಾರ್ಟಿಯವರು ಅಪ್ಪನನ್ನು ಉಳಿಸುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಆಮೇಲೆ ಅಜ್ಜಿ ಹೋದಳು, ದೊಡ್ಡಮ್ಮ ಹೋದಳು, ಅಮ್ಮನೂ ಹೋದಳು. ತೊಟ್ಟಿಮನೆಯ ಕಂಬಗಳು, ಹಂಚು ಯಾರ್ಯಾರದೋ ಮನೆ ಸೇರಿದವು.

ಅಪ್ಪನನ್ನು ಮಣ್ಣು ಮಾಡಿದ ದಿನ ಎಲ್ಲರೂ ಹೊರಟ ಮೇಲೂ ದೊಡ್ಡಪ್ಪ ಸಮಾಧಿಯ ಪಕ್ಕದಲ್ಲೇ ಕೂತಿದ್ದ. "ಅವ್ನ ಬಾಗ್ಲಲ್ಲಿ ಪಟಾಕಿ ಹೊಡ್ದಿದ್ನಲ್ಲವ್ವ ನಾನು. ಒಂದ್ ದಿನಾನೂ ಕೇಳ್ನಿಲ್ಲ ಅವ," ಎಂದ. ಆಗ ನಾನು ಆಣೆ ಮುರಿದು, ಅಪ್ಪ ಓಟು ಹಾಕಿದ್ದು ಯಾರಿಗೆ ಎಂದು ಹೇಳಿದೆ. ದೊಡ್ಡಪ್ಪ ಹಸಿ ಮಣ್ಣಿನ ಮೇಲೆ ಅಂಗೈ ಊರಿ, "ನಾನು ನಂಗೇ ಹಾಕ್ಕಂಡಿದ್ದೆ ಕಣವ್ವ," ಎಂದ. ಆಮೇಲೆ ನನ್ನ ಮುಖ ನೋಡಿ ಕೇಳಿದ: "ಅವ ಇದ್ದಾಗ್ಲೇ ಇದ್ನ ಯೋಳಕ್ಕೆ ಏನಾಗಿತ್ತವ್ವ ನಿಂಗೆ?"

ಅಮ್ಮ ಹೇಳಬೇಡ ಅಂದಿದ್ದಳು, ನಾನು ಹೇಳಲಿಲ್ಲ. ಆ ಚುನಾವಣೆಯಾದ ಮೇಲೆ ಮೂವತ್ತು ವರ್ಷ ಅವರಿಬ್ಬರೂ ದಿನಾ ಸಂಜೆ ಒಟ್ಟಿಗೇ ಮಂಡಿಯೂರಿದ್ದರು, ಆ ಒಂದು ಮಾತು ಮಾತ್ರ ಇಬ್ಬರ ನಡುವೆ ಬರಲೇ ಇಲ್ಲ.