ಇಂಗಿಲ್ಲದ ಆರು ದಿನ

ಮದ್ರಾಸಿನ ತಿರುವಲ್ಲಿಕ್ಕೇಣಿಯ ಬದರಿನಾಥರಾಯರ ಮಗಳು ಸುಗುಣಾ ೧೯೬೧ರಲ್ಲಿ ಬಿ.ಎ. ಅರ್ಥಶಾಸ್ತ್ರದ ಜೊತೆಗೆ ಉಪವಿಷಯವಾಗಿ ವಿದೇಶ ವ್ಯಾಪಾರ ತೆಗೆದುಕೊಂಡಳು. ಮಿಕ್ಕ ಹುಡುಗಿಯರೆಲ್ಲ ಸಂಗೀತಕ್ಕೋ ಗೃಹವಿಜ್ಞಾನಕ್ಕೋ ಹೆಸರು ಕೊಟ್ಟಿದ್ದರಿಂದ ಇವಳ ತರಗತಿಯಲ್ಲಿದ್ದವರು ಏಳೇ ಜನ. ಎರಡನೇ ವರ್ಷವೂ ಅದನ್ನೇ ಓದಬೇಕಾದರೆ ಫಾರಮ್ಮಿಗೆ ತಂದೆಯ ರುಜು ಬೇಕು. ರಾಯರ ಪೆನ್ನಿಗೆ ಅವರ ತಾಯಿ ಜಾನಕಮ್ಮನವರ ಅಪ್ಪಣೆ ಬೇಕು. ಜಾನಕಮ್ಮನವರೋ ಮಡಿ ಹೆಂಗಸು. ವಿದೇಶ ಎಂಬ ಮಾತು ಕಿವಿಗೆ ಬಿದ್ದರೂ ಸ್ನಾನ ಮಾಡುವವರು.

ಅಂಥದ್ದರಲ್ಲಿ ಕಾಲೇಜಿನವರು ಆ ಏಳು ಜನರಿಗೆ ಬಂದರು ತೋರಿಸಿದರು. ಬಂದರಿಗೆ ಹೋದವರೆಲ್ಲ ಸಂಜೆಗೆ ಕ್ಷೇಮವಾಗಿ ಬಂದರು. ಸುಗುಣಾ ಮಾತ್ರ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಲೇ, ಹಡಗಿನ ಮೇಲೆ ಕಾಫಿ ಕೊಟ್ಟರೆಂದು ಬಾಯಿಬಿಟ್ಟಳು.

"ಕಪ್ಪಲ್ ಹತ್ತಿದಿಯಾಡಿ? ನಿಲ್ಲು ಅಲ್ಲೇ!" ಎಂದರು ಅಜ್ಜಿ. "ಸಮುದ್ರ ದಾಟಿದವಳು ಪಂಚಗವ್ಯ ತೊಗೊಳ್ದೆ ಒಳಗೆ ಬರಕೂಡದು."

"ಎಲ್ಲಿ ದಾಟಿದೆ ಅಜ್ಜಿ? ಕಪ್ಪಲ್‌ನ ದಡಕ್ಕೆ ಕಟ್ಟಿಹಾಕಿದ್ರು, ಹಸು ಕಟ್ಟೋ ಹಾಗೆ."

"ಕೆಳಗಿದ್ದದ್ದು ಉಪ್ಪುನೀರು ತಾನೇ? ಹಾಗಾದ್ರೆ ಕುಡಿ."

ರಾಯರು ಪಂಚಗವ್ಯದ ಲೋಟ ಹಿಡಿದುಕೊಂಡು ಬಂದರು. "ಒಂದೇ ಉದ್ಧರಣೆ ಮಗು. ಕುಡಿದುಬಿಡು. ಬರೋ ವರ್ಷದಿಂದ ಗೃಹವಿಜ್ಞಾನ. ಯಾಕೆ ಈ ವಂಬು, ತಂಟೆಯೆಲ್ಲ?"

ಸುಗುಣಾ ಲೋಟದ ಕಡೆ ನೋಡಲೂ ಇಲ್ಲ. "ಇವತ್ತು ಅಲ್ಲಿ ಏನು ಇಳಿಸ್ತಿದ್ರು ಗೊತ್ತಾ ಅಜ್ಜಿ? ಇಂಗು. ಇರಾನಿಂದ ಬಂದದ್ದು. ನಿಮ್ಮ ಮಡಿ ಹುಳಿಗೆ ಹಾಕ್ತೀರಲ್ಲ, ಅದು ಇಡೀ ಸಮುದ್ರ ದಾಟಿದೆ. ಮೊದಲು ಅದಕ್ಕೆ ಕುಡಿಸಿ, ಆಮೇಲೆ ನನಗೆ," ಎಂದವಳೇ ಹೊಸ ಸೊಸೆಯ ಹಾಗೆ ಬಲಗಾಲಿಟ್ಟು ಒಳಗೆ ನಡೆದಳು.

ಜಾನಕಮ್ಮನವರು ಮೊಮ್ಮಗಳಿಗೆ ತಕ್ಕ ಅಜ್ಜಿ. ಇಂಗಿನ ಡಬ್ಬಿಯನ್ನು ಆಗಲೇ ಪಕ್ಕದ ಮನೆಯ ರಮಾಬಾಯಿಗೆ ದಾನ ಕೊಟ್ಟು, "ಮೈಲಿಗೆ ಅಂದ್ರೆ ಮೈಲಿಗೆ," ಎಂದರು. ಮಾಧ್ವರ ಮನೆ, ಈರುಳ್ಳಿ ಬೆಳ್ಳುಳ್ಳಿಗೆ ಮೊದಲೇ ಪ್ರವೇಶವಿಲ್ಲ. ಇಂಗೂ ಹೊರಟುಹೋದ ಮೇಲೆ ಸಾರಿನಲ್ಲಿ ಸಾರವೇ ಉಳಿಯಲಿಲ್ಲ. ರಾಯರು ಉಪ್ಪಿನಕಾಯಿ ಕೇಳಿದರು. ಅದರಲ್ಲೂ ಇಂಗಿದೆಯೆಂದು ಭರಣಿಯೂ ರಮಾಬಾಯಿಯ ಮನೆ ಸೇರಿತ್ತು. ಸುಗುಣಾ ಮಾತ್ರ ಎರಡೆರಡು ಸಲ ಬಡಿಸಿಕೊಂಡು, "ಪ್ರಮಾದ ಅಜ್ಜಿ!" ಎಂದು ಉಂಡಳು. ತಮಿಳಿನಲ್ಲಿ ಅದು ಹೊಗಳಿಕೆ, ಕನ್ನಡದಲ್ಲಿ ತಪ್ಪು. ಯಾವ ಭಾಷೆಯೆಂದು ಯಾರೂ ಕೇಳಲಿಲ್ಲ.

ಆರನೇ ದಿನ ಊಟದ ಎಲೆ ಬಿಟ್ಟೆದ್ದ ರಾಯರು ತಾಯಿಯ ಎದುರಿಗೇ ಫಾರಮ್ಮಿಗೆ ರುಜು ಹಾಕಿದರು.

"ಯಾರನ್ನ ಕೇಳಿ ಹಾಕಿದ್ಯೋ?"

"ನನ್ನ ನಾಲಿಗೆಯನ್ನ ಕೇಳಿದೆ, ಅಮ್ಮಾ."

ಜಾನಕಮ್ಮನವರು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು. "ದಾನ ಕೊಟ್ಟದ್ದನ್ನ ನಾನಂತೂ ವಾಪಸ್ ಕೇಳಲ್ಲ," ಎಂದರು.

ಸುಗುಣಾ ಅಂಗಡಿಗೆ ಹೋಗಿ ಹೊಸ ಇಂಗಿನ ಗಟ್ಟಿ ತಂದು ಅಜ್ಜಿಯ ಮುಂದಿಟ್ಟು, "ಇದೂ ಇರಾನಿಂದೇ," ಎಂದಳು. ಅಂದು ಹುಳಿ ಘಮಘಮಿಸಿತು. ಪಂಚಗವ್ಯವನ್ನು ಇಂಗೂ ಕುಡಿಯಲಿಲ್ಲ, ಇವಳೂ ಕುಡಿಯಲಿಲ್ಲ.